ಬಂದವರಿಗೆ ಹೇಳುವ ಮಾತು

ಬೀದಿಯವರು ಅವಳಿಗೆ ಇಟ್ಟ ಹೆಸರು ಹುಷಾರಮ್ಮ. ಸಮುದ್ರಕ್ಕೆ ಇಳಿಯುವ ಬೀದಿಯ ತುದಿಯಲ್ಲಿ ಅವಳ ಮನೆ. ಕೆಳಗೆ ಮನೆಯವರು, ಮೇಲೆ ಬಾಡಿಗೆಗೆ ಕೊಡುವ ಕೋಣೆಗಳು. ಚಳಿ ದೇಶದವರು ಬಿಸಿಲು ಹುಡುಕಿಕೊಂಡು ಬಂದು ಆ ಕೋಣೆಗಳಲ್ಲಿ ಇಳಿಯುತ್ತಿದ್ದರು. ಬಂದವರು ಹೆಗಲ ಚೀಲ ಇಳಿಸುವುದೇ ತಡ, ಹುಷಾರಮ್ಮ ಅವರನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ, ಕೈಗೊಂದು ಲೋಟ ನೀರು ಕೊಟ್ಟು, ಎದುರು ನಿಂತು ಶುರುಮಾಡುತ್ತಿದ್ದಳು.

"ಕುಡಿಯೋದು ಈ ಸ್ಟೀಲ್ ಡ್ರಮ್ಮಿನ ನೀರು ಮಾತ್ರ. ಕಾಯಿಸಿ ಆರಿಸಿದ್ದು. ನಲ್ಲಿ ನೀರಲ್ಲಿ ಬಾಯಿ ಕೂಡ ಮುಕ್ಕಳಿಸಬೇಡಿ. ಸಂಜೆ ದೀಪ ಹಚ್ಚೋ ಹೊತ್ತಿಗೆ ತುಂಬು ತೋಳಿನ ಅಂಗಿ, ರಾತ್ರಿ ಸೊಳ್ಳೆ ಪರದೆ, ಪರದೆಯ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಬೇಕು. ಬೆಳಿಗ್ಗೆ ಶೂ ಹಾಕೋ ಮೊದಲು ಕೊಡವಿ ನೋಡಿ, ಒಳಗೆ ಯಾರಾದ್ರೂ ಸಂಸಾರ ಹೂಡಿರ್ತಾರೆ. ತೆಂಗಿನ ಮರದ ಕೆಳಗೆ ಮಲಗಬೇಡಿ. ಕೆಂಪು ಬಾವುಟ ಇದ್ದ ಕಡೆ ನೀರಿಗೆ ಇಳಿಯಬೇಡಿ, ಮೊಣಕಾಲುದ್ದ ನೀರೇ ಎಳ್ಕೊಂಡು ಹೋಗುತ್ತೆ. ಬಾಡಿಗೆ ಬೈಕ್ ತಗೊಂಡ್ರೆ ಹೆಲ್ಮೆಟ್ ಕೇಳಿ, ಕೊಡದಿದ್ರೆ ನಡ್ಕೊಂಡೇ ಹೋಗಿ. ನಾಯಿ, ಕೋತಿ ಎಷ್ಟೇ ಮುದ್ದಾಗಿರಲಿ, ಮುಟ್ಟಬೇಡಿ. ಕಚ್ಚಿದ್ರೆ, ಪರಚಿದ್ರೆ, ಗಾಯ ಸಾಸಿವೆಯಷ್ಟೇ ಇರಲಿ, ಸೋಪು ಹಚ್ಚಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀಬೇಕು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ಅನ್ನಂಗಿಲ್ಲ."

ಅವಳ ಬೆನ್ನ ಹಿಂದೆ ನಿಂತು ಮಗಳು ಇಷ್ಟನ್ನೂ ಸದ್ದಿಲ್ಲದೆ ತುಟಿಯಾಡಿಸಿ ಅಣಕಿಸುತ್ತಿದ್ದಳು. ಅಮ್ಮ ಬೆರಳೆತ್ತಿದಾಗ ತಾನೂ ಬೆರಳೆತ್ತುವಳು, ಅಮ್ಮ ತಲೆ ಅಲ್ಲಾಡಿಸಿದಾಗ ತಾನೂ. ಬೆಂಚಿನ ಮೇಲಿದ್ದವರು ನಗು ತಡೆಯಲಾರದೆ ನೀರು ನೆತ್ತಿಗೇರಿಸಿಕೊಳ್ಳುತ್ತಿದ್ದರು. ಮಗಳಿಗೆ ಎಂಟು ವರ್ಷ. ಹುಟ್ಟಿದಾಗ ಅವಳ ಅಳು ಸಣ್ಣಗೆ, ಉದ್ದಕ್ಕೆ, ಯಾರೋ ಕಲಿಯಲು ಕೂತು ಪಿಟೀಲು ಕುಯ್ದ ಹಾಗೆ ಕೇಳುತ್ತಿತ್ತಂತೆ. ಅಂದಿನಿಂದ ಅವಳು ಮನೆಯವರಿಗೆಲ್ಲ ಪಿಟೀಲು.

"ಮುಗೀತೇನೇ ನಿನ್ನ ಪುರಾಣ?" ಎಂದು ಗಂಡ ವ್ಯಾನಿನ ಕೆಳಗಿನಿಂದ ಕೂಗುತ್ತಿದ್ದ. ಬಂದವರನ್ನು ಬಸ್ ನಿಲ್ದಾಣದಿಂದ ಕರೆತರುವುದು, ಕಿನಾರೆಗಳಿಗೆ ತಿರುಗಾಡಿಸುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಆ ಹಳೆಯ ವ್ಯಾನಿನ ಸೇವೆ.

ಪುರಾಣ ಎಷ್ಟು ಉದ್ದವಾಗಿದ್ದರೂ ಅದು ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಿತ್ತೇ ಹೊರತು ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಡ್ರಮ್ಮಿನ ನೀರು ಬಂದವರಿಗೆ. ಮನೆಯವರಿಗೆ ಮೂಲೆಯ ಮಣ್ಣಿನ ಮಡಕೆ, ಅದಕ್ಕೆ ನಲ್ಲಿ ನೀರು. ಸೊಳ್ಳೆ ಪರದೆ ಮೇಲಿನ ಮಂಚಗಳಿಗೆ. ಕೆಳಗೆ ಎಲ್ಲರೂ ಫ್ಯಾನಿನಡಿ ಚಾಪೆ ಹಾಸಿಕೊಂಡು ಮಲಗುವವರು. ಗಂಡ ತಲೆಗೆ ಏನೂ ಇಲ್ಲದೆ ಬೈಕಿನಲ್ಲಿ ಊರೆಲ್ಲ ಸುತ್ತುವವನು. ಮದುವೆಯಾಗಿ ಬಂದ ಹೊಸತರಲ್ಲಿ ಹುಷಾರಮ್ಮ ಮನೆಯವರಿಗೂ ನೀರು ಕಾಯಿಸಿಟ್ಟದ್ದುಂಟು. ಗ್ಯಾಸು ಬೇಗ ಖಾಲಿಯಾಯಿತು, ಅತ್ತೆಯ ಬಾಯಿ ಬೇಗ ತೆರೆಯಿತು.

"ನಾವು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರು ಕಣಮ್ಮ. ಈ ನೀರು, ಈ ಸೊಳ್ಳೆ ಎಲ್ಲ ನಮ್ಮ ನೆಂಟರಿಷ್ಟರು. ನಮಗೇನು ಮಾಡ್ತಾವೆ? ಮೇಲಿನೋರ ಹೊಟ್ಟೆ ಗಾಜಿನ ಲೋಟ. ಅವರಿಗೆ ಹೇಳು ನಿನ್ನ ಹುಷಾರು."

"ಹುಷಾರು ಅನ್ನೋದು ಬಾಡಿಗೆ ಜೊತೆ ಬರೋದಮ್ಮ. ಬಾಡಿಗೆ ಕೊಡದ ನಮಗೆಲ್ಲಿಂದ ಬರಬೇಕು?" ಎಂದು ಗಂಡ ಸೇರಿಸಿದ್ದ. ಎಲ್ಲರೂ ನಕ್ಕಿದ್ದರು. ಹುಷಾರಮ್ಮನೂ ನಕ್ಕಿದ್ದಳು. ಆಮೇಲೆ ಒಂದೊಂದು ಸಲ ಜ್ವರ ಬಂತು, ಹೋಯಿತು. ಹೊಟ್ಟೆ ಕೆಟ್ಟಿತು, ಸರಿಹೋಯಿತು. ಏನೂ ಆಗಲಿಲ್ಲವಲ್ಲ ಎಂಬುದೇ ಅಭ್ಯಾಸವಾಗಿಹೋಯಿತು.

ಆ ವರ್ಷ ಬಿಸಿಲಿಗೆ ಬಂದವರಲ್ಲಿ ಒಬ್ಬ ನಿವೃತ್ತ ರೈಲು ಚಾಲಕರಿದ್ದರು. ಆಳು ಆರಡಿ ದಾಟಿ ಎತ್ತರ, ಅದಕ್ಕೆ ತಕ್ಕ ಅಗಲ, ಬೆಂಚು ಕಿರ್ ಎಂದಿತು. ಹುಷಾರಮ್ಮನ ಮಾತನ್ನು ಮೊದಲಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ಕೇಳಿದವರು ಅವರೊಬ್ಬರೇ ಇರಬೇಕು. ಕೇಳಿದ್ದಲ್ಲದೆ ಪ್ರಶ್ನೆ ಬೇರೆ.

"ಹದಿನೈದು ನಿಮಿಷ ಅಂದ್ರೆ, ಗಡಿಯಾರ ನೋಡ್ಕೊಂಡಾ?"

"ಗಡಿಯಾರ ನೋಡ್ಕೊಂಡೇ ಸಾರ್."

"ಸರಿ. ನಾನು ಕೆಂಪು ದೀಪ ಕಂಡ್ರೆ ನಿಲ್ಲಿಸಿ ಅಭ್ಯಾಸ ಇರೋನು. ಕಾರಣ ಆಮೇಲೆ ಕೇಳ್ತೀನಿ."

ಪಿಟೀಲು ಅವರನ್ನು ತಾತ ಎಂದಳು. ಅವರು ಹೋದಲ್ಲೆಲ್ಲ ಬಾಲದಂತೆ ಹಿಂದೆ ಹೋದಳು. ಬೀದಿಯ ಮೂಲೆಯಲ್ಲಿ ಪಂಕ್ಚರ್ ಅಂಗಡಿ. ಅಲ್ಲಿ ಹಳೆಯ ಟೈರುಗಳ ರಾಶಿಯೊಳಗೆ ಒಂದು ನಾಯಿಮರಿ ಬಂದು ಸೇರಿಕೊಂಡಿತ್ತು. ಕಂದು ಮೈ, ಕಾಲ್ಚೀಲ ಹಾಕಿದಂಥ ಬಿಳಿ ಪಾದ. ಶಾಲೆ ಬಿಟ್ಟವಳು ಮನೆಗೆ ಬರುವ ಮೊದಲು ಆ ಟೈರುಗಳ ಹತ್ತಿರ ಹಾಜರಿ ಹಾಕದೆ ಬರುತ್ತಿರಲಿಲ್ಲ. ಹುಷಾರಮ್ಮನಿಗೆ ಅದು ಗೊತ್ತಿತ್ತು. ಯೂನಿಫಾರ್ಮಿಗೆ ಕೂದಲು ಅಂಟಿಸಿಕೊಂಡು ಬರುತ್ತಾಳೆಂದು ಗದರುತ್ತಿದ್ದಳು, ಅಷ್ಟೇ.

ಒಂದು ಸಂಜೆ ರೈಲು ಚಾಲಕರು ಬಲಗೈಯ ತೋರುಬೆರಳನ್ನು ಬಾವುಟದಂತೆ ಎತ್ತಿ ಹಿಡಿದುಕೊಂಡು ಗೇಟು ತೆರೆದರು. ಹಿಂದೆ ಪಿಟೀಲು.

"ಮುಟ್ಟಬೇಡಿ ಅಂದಿದ್ರಿ, ಮುಟ್ಟಿಬಿಟ್ಟೆ," ಎಂದರು ತಲೆ ತಗ್ಗಿಸಿ. ಬೆರಳ ಮೇಲೆ ಹಲ್ಲು ಇಳಿದ ಗುರುತು, ನೂಲಿನಂಥ ರಕ್ತ.

ಹುಷಾರಮ್ಮ ಕೈಯಲ್ಲಿದ್ದ ಪೊರಕೆ ಬಿಸಾಕಿದಳು. ಅವರನ್ನು ಹಿತ್ತಲ ನಲ್ಲಿಯ ಕೆಳಗೆ ಕೂರಿಸಿ, ತೋಳು ಮಡಚಿ, ಬಟ್ಟೆ ಒಗೆಯುವ ಸೋಪಿನಿಂದ ತಿಕ್ಕಿದಳು. ಪಿಟೀಲು ಗೋಡೆ ಗಡಿಯಾರ ಕಾಣುವಲ್ಲಿ ನಿಂತು ನಿಮಿಷ ಕೂಗಿದಳು. ತೊಳೆದಾದ ಮೇಲೆ ಎಲ್ಲರೂ ವ್ಯಾನು ಹತ್ತಿದರು. ಮನೆಯಲ್ಲಿರು ಎಂದರೆ ಪಿಟೀಲು ಕೇಳಲಿಲ್ಲ, ತಾತನ ಪಕ್ಕದಲ್ಲಿ ಅಂಟಿ ಕೂತಳು.

ಊರ ಆಸ್ಪತ್ರೆ ಚಿಕ್ಕದು. ಅಲ್ಲಿಯ ಹಿರಿಯ ಸಿಸ್ಟರ್‌ಗೆ ಹುಷಾರಮ್ಮನ ಪರಿಚಯ ಚೆನ್ನಾಗಿತ್ತು. ಕಾಲು ಸೀಳಿಕೊಂಡವರು, ಬಿಸಿಲು ಬಡಿದವರು, ಹೊಟ್ಟೆ ಹಿಡಿದುಕೊಂಡವರು, ಎಲ್ಲರನ್ನೂ ಕರೆತರುವವಳು ಅವಳೇ.

"ಒಂದು ಲಸಿಕೆ ತೋಳಿಗೆ. ಇನ್ನು ಕೆಲವು ಸಲ ಬರಬೇಕಾಗುತ್ತೆ," ಎಂದು ಸಿಸ್ಟರ್ ವಿವರಿಸಿದಳು. "ಇದು ಬೇರೆ, ಸೀರಮ್ಮು. ಇದನ್ನ ಗಾಯದ ಸುತ್ತಲೇ ಹಾಕೋದು. ಲಸಿಕೆ ಕೆಲಸ ಶುರು ಮಾಡೋವರೆಗೆ ಇದು ಕಾವಲು ಕಾಯುತ್ತೆ. ಮೈ ತೂಕ ನೋಡಿ ಹಾಕಬೇಕು. ನಿಮ್ಮ ಮೈಗೆ ನಮ್ಮ ಹತ್ತಿರ ಇರೋದೆಲ್ಲ ಬೇಕು ಸಾರ್." ಫ್ರಿಜ್ಜಿನಿಂದ ಸೀಸೆಗಳನ್ನು ತೆಗೆದು ಒಂದೊಂದಾಗಿ ಸಿರಿಂಜಿಗೆ ಎಳೆದಳು. "ಖಾಲಿಯಾಯ್ತು. ಮುಂದಿನ ಪೆಟ್ಟಿಗೆ ಬರೋವರೆಗೆ ಊರಲ್ಲಿ ಯಾರೂ ಕಚ್ಚಿಸ್ಕೊಳ್ಳೋ ಹಾಗಿಲ್ಲ ಅಂತ ಡಂಗುರ ಹೊಡೆಸಬೇಕು."

ಎಲ್ಲರೂ ನಕ್ಕರು. ಸೂಜಿ ಬೆರಳಿಗೆ ಇಳಿಯುವಾಗ ಆ ದೊಡ್ಡ ಆಳು ಹಲ್ಲು ಕಚ್ಚಿ ಕಣ್ಣು ಮುಚ್ಚಿದರು. ಅದನ್ನೇ ನೋಡುತ್ತ ನಿಂತಿದ್ದ ಪಿಟೀಲು ಮೆಲ್ಲಗೆ ಕೇಳಿದಳು:

"ಸಿಸ್ಟರ್, ನಂಗೂ ಹಾಕ್ತೀರಾ?"

ಮತ್ತೆ ನಗು. ಸಿಸ್ಟರ್ ಅವಳ ಕೆನ್ನೆ ಹಿಂಡಿದಳು. ಹುಷಾರಮ್ಮ ಮಗಳ ತಲೆಯ ಮೇಲೊಂದು ಮೊಟಕಿ, "ನಿಂಗ್ಯಾಕೇ? ನೀನೇನು ಮೇಲಿನ ಕೋಣೆಯವಳಾ? ಇಲ್ಲಿಯವಳಲ್ವಾ ನೀನು," ಎಂದಳು.

ಪಿಟೀಲು ಕಿವಿಯ ಹಿಂದೆ ಕೆರೆದುಕೊಂಡಳು.

ಆ ವಾರವಿಡೀ ಹುಷಾರಮ್ಮನ ಕಾಲು ನೆಲದ ಮೇಲಿರಲಿಲ್ಲ. ರೈಲು ಚಾಲಕರು ಉಳಿದ ಕೋಣೆಯವರಿಗೆಲ್ಲ ಅವಳ ಗುಣಗಾನ ಮಾಡಿದ್ದರು. "ನೋಡಿದ್ರಾ ನನ್ನ ಪುರಾಣದ ಮಹಿಮೆ?" ಎಂದು ಗಂಡನನ್ನು ಕೆಣಕಿದಳು. ಅವನು ಸ್ಪ್ಯಾನರ್ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದ. ಚಾಲಕರು ಸಿಸ್ಟರ್ ಹೇಳಿದ ದಿನಗಳಂದು ತಪ್ಪದೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಮರಿ ಟೈರುಗಳ ಹತ್ತಿರ ಕಾಣಿಸುತ್ತಿಲ್ಲ ಎಂದು ಪಿಟೀಲು ಊಟದ ಹೊತ್ತಿಗೆ ಒಂದೆರಡು ಸಲ ಗೊಣಗಿದಳು. ಎಲ್ಲೋ ಹೋಗಿರುತ್ತೆ ಬಿಡು ಎಂದಳು ಅಜ್ಜಿ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಬ್ರೆಡ್ಡು ತರಲು ಹೋದ ಹುಷಾರಮ್ಮನನ್ನು ಪಂಕ್ಚರ್ ಅಂಗಡಿಯವನು ಕೂಗಿ ನಿಲ್ಲಿಸಿದ.

"ಅಕ್ಕಾ, ನಿಮ್ಮ ದೊಡ್ಡ ಸಾರ್ ಹುಷಾರಾಗಿದ್ದಾರಾ? ಆ ಮರಿ ಸತ್ತೋಯ್ತು. ಗೋಡೌನ್ ಹಿಂದೆ ಸೇರ್ಕೊಂಡಿತ್ತು. ಸುಮ್ಮಸುಮ್ಮನೆ ಗಾಳಿಗೆ ಬಾಯಿ ಹಾಕೋದು, ಟೈರು ಕಚ್ಚೋದು. ಬಾಯಿ ತುಂಬ ಜೊಲ್ಲು. ನೀರಿಟ್ಟೆ, ಕುಡಿಯೋಕೆ ಬಂತು, ಗಂಟಲೊಳಗೆ ಇಳೀಲೇ ಇಲ್ಲ. ನೋಡೋಕಾಗ್ಲಿಲ್ಲ ಅಕ್ಕ. ಗುಂಡಿ ತೋಡಿ ಮುಚ್ಚಿದೆ."

"ನೀನು ಮುಟ್ಟಿದ್ಯಾ?"

"ಗುದ್ದಲಿಯಲ್ಲೇ ಎತ್ತಿದ್ದು."

ಹುಷಾರಮ್ಮ ಬ್ರೆಡ್ಡನ್ನು ಎದೆಗೊತ್ತಿಕೊಂಡು ಬಿರಬಿರನೆ ಬಂದಳು. ಮನಸ್ಸು ಮೊದಲು ಓಡಿದ್ದು ಮೇಲಿನ ಕೋಣೆಗೆ. ಸದ್ಯ, ಅವತ್ತೇ ಕರೆದುಕೊಂಡು ಹೋದೆ. ಸದ್ಯ, ನಾಳೆ ಅನ್ನಲಿಲ್ಲ. ಮೆಟ್ಟಿಲು ಹತ್ತಿ ಅವರಿಗೆ ಸುದ್ದಿ ಹೇಳಿ, ಇನ್ನುಳಿದ ಸೂಜಿ ತಪ್ಪಿಸಬೇಡಿ ಎಂದು ಮತ್ತೊಮ್ಮೆ ಹೇಳಿ ಇಳಿದಳು. ದಿನವೂ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದ, ಕಣ್ಣು ಮಂಜಾದ ಅಜ್ಜಿ ಅಂದು ಬ್ರೆಡ್ಡು ಕೊಯ್ಯುತ್ತಿದ್ದಳು. ಪಿಟೀಲು ಬಾಚಣಿಗೆ ಹಿಡಿದು ಬಾಗಿಲಲ್ಲಿ ಕೂತಿದ್ದಳು, ಜಡೆ ಹಾಕಿಸಿಕೊಳ್ಳಲು.

ಬೈತಲೆ ತೆಗೆದು, ಎಡಗಡೆಯ ಕೂದಲನ್ನು ಹಿಂದಕ್ಕೆ ಎಳೆದಾಗ ಕಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ಒಣಗಿದ ಎರಡು ಚುಕ್ಕಿ ಕಂಡವು. ಅಕ್ಕಪಕ್ಕ ಎರಡು. ಬಾಚಣಿಗೆ ಅಲ್ಲೇ ನಿಂತಿತು.

"ಇದೇನೇ ಇದು?"

"ಏನು?"

"ಕಿವಿ ಹಿಂದೆ. ಏನಾಯ್ತು ಇಲ್ಲಿ?"

"ಓ, ಅದಾ? ಮರಿ. ಹೆಗಲ ಮೇಲೆ ಕೂರಿಸ್ಕೊಂಡಿದ್ದೆ, ಮೆಲ್ಲಗೆ ಕಚ್ಚಿಬಿಡ್ತು. ತಾತನ್ನ ಕಚ್ಚಿತಲ್ಲ, ಅದಕ್ಕಿಂತ ಸ್ವಲ್ಪ ಮುಂಚೆ. ತಾತ ಬಿಡಿಸೋಕೆ ಬಂದ್ರು, ಅವರ ಬೆರಳಿಗೆ ಹಾಕ್ತು."

"ನಂಗ್ಯಾಕೆ ಹೇಳ್ಲಿಲ್ಲ ಕಂದಾ?"

ಪಿಟೀಲು ತಿರುಗಿ ನೋಡಿದಳು. ಅವಳ ಮುಖದಲ್ಲಿ ಕಳ್ಳತನವಿರಲಿಲ್ಲ, ಆಶ್ಚರ್ಯವಿತ್ತು. "ಕೇಳಿದ್ನಲ್ಲ ಅಮ್ಮ, ನಂಗೂ ಹಾಕ್ತೀರಾ ಅಂತ. ನೀನೇ ಬೇಡ ಅಂದೆ. ಅದು ಬಂದವರಿಗೆ ಹೇಳೋ ಮಾತಲ್ವಾ? ನಾವು ಇಲ್ಲಿಯವರು."

ಅಡುಗೆಮನೆಯಲ್ಲಿ ಬ್ರೆಡ್ಡು ಕೊಯ್ಯುವ ಸದ್ದು ನಿಂತಿತು.

ಹುಷಾರಮ್ಮ ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಅದೇ ನಲ್ಲಿ, ಅದೇ ಸೋಪು. ಒಣಗಿಹೋದ ಗಾಯವನ್ನು ಈಗ ತೊಳೆದು ಏನು ಬಂತು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕೈ ಕೇಳಲಿಲ್ಲ. ಯೂನಿಫಾರ್ಮು ತೊಯ್ದು ತೊಪ್ಪೆಯಾಯಿತು. "ಅಮ್ಮಾ, ಕಣ್ಣಿಗೆ ಸೋಪು, ಅಮ್ಮಾ ಉರಿಯುತ್ತೆ" ಎಂದು ಪಿಟೀಲು ಚೀರುತ್ತಿದ್ದಳು. ಅತ್ತೆ ಬಾಗಿಲಿಗೆ ಬಂದಳು. "ಒಣಗಿದೆಯಲ್ಲಮ್ಮ, ಮಗೂನ ಯಾಕೆ ಹಾಗೆ..." ಎಂದು ಶುರುಮಾಡಿದವಳು ಸೊಸೆಯ ಮುಖ ಕಂಡು ಗೋಡೆ ಹಿಡಿದುಕೊಂಡಳು.

ಊರ ಆಸ್ಪತ್ರೆಯ ಸಿಸ್ಟರ್ ಕೂದಲು ಸರಿಸಿ ನೋಡಿದಳು. ಅವಳ ಬಾಯಲ್ಲಿ ಆ ದಿನ ತಮಾಷೆ ಹುಟ್ಟಲಿಲ್ಲ. ಲಸಿಕೆ ಹಾಕಿದಳು. ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದು, ಒಳಗೆ ಇಲ್ಲವೆಂದು ಗೊತ್ತಿದ್ದೂ ಒಂದು ಗಳಿಗೆ ನೋಡುತ್ತಾ ನಿಂತಳು.

"ಸೀರಮ್ಮು ಇನ್ನೂ ಬಂದಿಲ್ಲ. ತಲೆ ಹತ್ತಿರದ ಗಾಯ ಇದು, ಮಿದುಳಿಗೆ ದಾರಿ ಹತ್ತಿರ. ಸೀರಮ್ಮು ಬೇಕೇ ಬೇಕು. ನಗರದ ದೊಡ್ಡಾಸ್ಪತ್ರೆಗೆ ಹೋಗಿ. ನಾನು ಫೋನು ಮಾಡಿರ್ತೀನಿ. ದಾರೀಲಿ ಎಲ್ಲೂ ನಿಲ್ಲಬೇಡಿ."

ಗಂಡ ವ್ಯಾನು ಓಡಿಸಿದ. ಬಂದವರಿಗೆ ದಾರಿಯುದ್ದಕ್ಕೂ ಅದು ಆ ಬೆಟ್ಟ, ಇದು ಈ ಸೇತುವೆ ಎಂದು ಬಾಯಿ ಮುಚ್ಚದೆ ಹೇಳುವವನು ಇಂದು ಹಾರ್ನ್ ಒತ್ತುತ್ತಲೇ ಲಾರಿಗಳನ್ನು ಹಿಂದೆ ಹಾಕುತ್ತಿದ್ದ. ಪಿಟೀಲು ಶಾಲೆ ತಪ್ಪಿದ ಖುಷಿಯಲ್ಲಿ ಸ್ವಲ್ಪ ಹೊತ್ತು ಕಿಟಕಿಯಲ್ಲಿ ತಲೆಯಿಟ್ಟಿದ್ದಳು. ಆಮೇಲೆ ಒಳಗೆ ಸರಿದು ಅಮ್ಮನಿಗೆ ಅಂಟಿ ಕೂತಳು.

"ಅಮ್ಮ, ಮರಿ ಸತ್ತಿದ್ದು ನಿಜವಾ?"

"ಹೂಂ."

"ನಾನೂ ಸಾಯ್ತೀನಾ?"

ವ್ಯಾನು ಒಂದು ಸಲ ಪಕ್ಕಕ್ಕೆ ಹೊಯ್ದಾಡಿ ಮತ್ತೆ ದಾರಿಗೆ ಬಂತು. ಹುಷಾರಮ್ಮ ಮಗಳ ಒದ್ದೆ ಜಡೆಯನ್ನು ಬಿಚ್ಚಿ ಸೆರಗಿನಿಂದ ಒರೆಸಿದಳು. "ಡಾಕ್ಟರ ಹತ್ತಿರ ಹೋಗ್ತಿದೀವಲ್ಲ ಕಂದಾ," ಎಂದಷ್ಟೇ ಅಂದಳು.

ದೊಡ್ಡಾಸ್ಪತ್ರೆಯಲ್ಲಿ ಔಷಧಿ ಕೋಣೆಗೆ ಬೀಗ. ಬೀಗದ ಕೈ ಇಟ್ಟುಕೊಂಡವನು ಇನ್ನೊಂದು ಕಟ್ಟಡಕ್ಕೆ ಹೋಗಿದ್ದ. ಈಗ ಬರ್ತಾನೆ, ಈಗ ಬರ್ತಾನೆ ಎಂದು ಹೇಳುತ್ತಲೇ ಬಿಸಿಲು ಕಾರಿಡಾರಿನ ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯಿತು. ಗಂಡ ಮೂರು ಸಲ ಮೆಟ್ಟಿಲು ಇಳಿದು ಹತ್ತಿದ. ನಾಲ್ಕನೆಯ ಸಲ ಆ ಮನುಷ್ಯನ ತೋಳು ಹಿಡಿದುಕೊಂಡೇ ಬಂದ. ಬಾಗಿಲು ತೆರೆಯಿತು. ಸೀರಮ್ಮು ಇತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಿವಿಯ ಹಿಂದಿನ ಕೂದಲು ಬೋಳಿಸಿ, ಆ ಎರಡು ಚುಕ್ಕಿಗಳ ಸುತ್ತ ಸೂಜಿ ಇಳಿಸಿದರು. ಒಂದು ಕಡೆ, ಇನ್ನೊಂದು ಕಡೆ, ಮತ್ತೊಂದು ಕಡೆ. ಪಿಟೀಲಿನ ಅಳು ಸಣ್ಣಗೆ, ಉದ್ದಕ್ಕೆ, ಹುಟ್ಟಿದ ದಿನದಂತೆಯೇ ಎದ್ದಿತು. ಹುಷಾರಮ್ಮ ಮಗಳ ಎರಡೂ ಕೈಗಳನ್ನು ಹಿಡಿದು ಅವಳ ಕಣ್ಣನ್ನೇ ನೋಡುತ್ತಿದ್ದಳು. ಗಂಡ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಇನ್ನು ಭಯ ಇಲ್ಲವಲ್ಲ ಡಾಕ್ಟ್ರೇ?"

ಡಾಕ್ಟರು ಕೈಗವಸು ಕಳಚಿದರು. "ಸುಳ್ಳು ಹೇಳಲ್ಲಮ್ಮ. ಅವತ್ತೇ ಬಂದಿದ್ರೆ ನಗುತ್ತಾ ಕಳಿಸ್ತಿದ್ದೆ. ತಡವಾಗಿದೆ, ಆದರೆ ತಡವಾಯ್ತು ಅಂತ ಬಿಡೋ ಹಾಗಿಲ್ಲ. ತುಂಬಾ ಮಕ್ಕಳು ಉಳ್ಕೋತಾರೆ. ಉಳಿದ ಸೂಜಿ ಒಂದೂ ತಪ್ಪಿಸಬೇಡಿ. ಆಮೇಲೆ ಕಾಯಬೇಕು, ಕೆಲವು ತಿಂಗಳು. ಗಾಯದ ಜಾಗ ಜುಮ್ಮಂತು, ಜ್ವರ ಬಂತು, ನೀರು ನುಂಗೋಕೆ ಕಷ್ಟ ಆಯ್ತು ಅಂದ್ರೆ ತಕ್ಷಣ ಕರ್ಕೊಂಡು ಬನ್ನಿ."

ಕರೆದುಕೊಂಡು ಬಂದರೆ ಏನು ಮಾಡುತ್ತೀರಿ ಎಂದು ಹುಷಾರಮ್ಮ ಕೇಳಲಿಲ್ಲ. ನೀರು ಇಳಿಯದ ಮೇಲೆ ಯಾವ ಔಷಧವೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅದೇ ಕಾರಣಕ್ಕೇ ಅಲ್ಲವೇ ಅವಳು ಎಲ್ಲರಿಗೂ ನಾಳೆ ಅನ್ನಬೇಡಿ ಎನ್ನುತ್ತಿದ್ದುದು.

ಮನೆಗೆ ಬಂದಾಗ ಅಡುಗೆಮನೆಯ ಮೂಲೆ ಖಾಲಿಯಾಗಿತ್ತು. ಮಡಕೆ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಅತ್ತೆ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಮೊಮ್ಮಗಳ ಬೋಳು ಜಾಗ ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ನಾಲಿಗೆ ಸೇದಿಹೋಗ," ಎಂದಳು. "ನೆಂಟರಿಷ್ಟರು ಅಂದೆನಲ್ಲ ನಾನು."

"ನೀವೊಬ್ಬರೇ ಅಲ್ಲ ಅತ್ತೆ, ನಾನೂ ನಕ್ಕಿದ್ದೆ," ಎಂದಳು ಹುಷಾರಮ್ಮ.

ರೈಲು ಚಾಲಕರು ಎರಡು ದಿನ ಕೋಣೆಯಿಂದ ಇಳಿಯಲಿಲ್ಲ. ಊಟ ಮೇಲೆ ಕಳಿಸಿದರೆ ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಹೊರಡುವ ದಿನ ಜಗಲಿಯಲ್ಲಿ ಚೀಲ ಇಟ್ಟು ನಿಂತರು. "ಅವಳ ಹೆಗಲ ಮೇಲಿಂದ ಮರೀನ ಎತ್ತಿದವನು ನಾನೇ. ನನ್ನ ಬೆರಳು ನೋಡ್ಕೊಂಡೆ, ಅವಳನ್ನ ನೋಡ್ಲಿಲ್ಲ. ಆ ಸೀಸೆಗಳೆಲ್ಲ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಹುಷಾರಮ್ಮ, "ಹಾಗನ್ನಬೇಡಿ ಸಾರ್. ನಾನು ಹೇಳಿದ ಮಾತನ್ನ ನೀವು ಕೇಳಿದಿರಿ," ಎಂದಳು. ಪಿಟೀಲು ಗೇಟಿನವರೆಗೂ ತಾತನ ಕೈ ಹಿಡಿದು ಹೋದಳು. ಗೇಟು ದಾಟಿದ ಮೇಲೆ ಅವರು ಹಿಂತಿರುಗಿ ನೋಡದೆ ವ್ಯಾನು ಹತ್ತಿದರು.

ಪಿಟೀಲಿಗೆ ಉಳಿದ ಸೂಜಿಗಳೂ ಮುಗಿದವು. ಬೋಳಿಸಿದ ಜಾಗದಲ್ಲಿ ಕೂದಲು ಮುಳ್ಳುಮುಳ್ಳಾಗಿ ಮೂಡಿತು. ಈಗ ಕಾಯುವುದೊಂದೇ ಕೆಲಸ. ಆ ಕೆಲಸಕ್ಕೆ ಬಿಡುವಿರಲಿಲ್ಲ. ಮಗಳು ಒಂದು ಸಲ ಕೆಮ್ಮಿದರೆ ಹುಷಾರಮ್ಮನ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು. ಹಣೆ ಮುಟ್ಟಿ ನೋಡುವಳು, ಇನ್ನೊಮ್ಮೆ ಮುಟ್ಟುವಳು. ಕಿವಿ ಹಿಂದೆ ಜುಮ್ಮನ್ನುತ್ತಾ ಎಂದು ಕೇಳಲು ಬಾಯಿ ತೆರೆದು, ಕೇಳಿದರೆ ಎಲ್ಲಿ ಹೂಂ ಅನ್ನುತ್ತಾಳೋ ಎಂದು ಮುಚ್ಚಿಕೊಳ್ಳುವಳು. ಕೆಳಗಿನ ಚಾಪೆಗಳ ಮೇಲೂ ಈಗ ಪರದೆ ಇಳಿಬಿದ್ದಿತ್ತು. ಗಂಡ ಹೆಲ್ಮೆಟ್ ಇಲ್ಲದೆ ಬೈಕು ಮುಟ್ಟುತ್ತಿರಲಿಲ್ಲ. ಯಾರೂ ಅವನನ್ನು ಹಾಕಿಕೋ ಎಂದಿರಲಿಲ್ಲ.

ತಿಂಗಳು ಕಳೆದು ಇನ್ನೊಂದು ಶುರುವಾದಾಗ ಮೇಲಿನ ಕೋಣೆಗೆ ಹೊಸದಾಗಿ ಗಂಡ ಹೆಂಡತಿ ಬಂದರು. ಹುಷಾರಮ್ಮ ಅವರನ್ನು ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ಒಳಗೆ ಹೋಗಿ ಅತ್ತೆಯನ್ನು ಕರೆತಂದು ಕೂರಿಸಿದಳು. ಗಂಡ ಕೈ ಒರೆಸಿಕೊಳ್ಳುತ್ತ ತಾನೇ ಬಂದು ಬೆಂಚಿನ ತುದಿಯಲ್ಲಿ ಕೂತ. ಪಿಟೀಲು ಎಂದಿನಂತೆ ಅಮ್ಮನ ಬೆನ್ನ ಹಿಂದೆ ಹೋಗಿ ನಿಲ್ಲಲಿದ್ದಳು.

"ಅಲ್ಲಲ್ಲ. ನೀನೂ ಅಲ್ಲೇ ಕೂತ್ಕೋ," ಎಂದು ಹುಷಾರಮ್ಮ ಅವಳ ಕೈಗೂ ಒಂದು ಲೋಟ ಕೊಟ್ಟಳು.

"ಕುಡಿಯೋದು ಈ ನೀರು ಮಾತ್ರ..." ಎಂದು ಶುರುವಾಯಿತು. ಸೊಳ್ಳೆ, ಶೂ, ತೆಂಗಿನ ಮರ, ಕೆಂಪು ಬಾವುಟ, ಎಲ್ಲ ಬಂದುಹೋದವು. ಯಾರೂ ನಗಲಿಲ್ಲ. ನಾಯಿಯ ಮಾತು ಬಂತು. ಅದನ್ನೂ ಪೂರ್ತಿ ಹೇಳಿದಳು, ಮಗಳ ಮುಖ ನೋಡುತ್ತಲೇ.

ಪಿಟೀಲು ಲೋಟವನ್ನು ತುಟಿಗಿಟ್ಟುಕೊಂಡಳು. ಒಂದು ಗುಟುಕು ಬಾಯೊಳಗೆ ಹೋಯಿತು, ಕೆನ್ನೆ ಉಬ್ಬಿತು, ಗಂಟಲು ಅಲುಗಲಿಲ್ಲ. ನೀರು ಅವಳ ಗಲ್ಲದ ಮೇಲಿಂದ ಜಾರಿ ಅಂಗಿಯ ಮೇಲೆ ಚೆಲ್ಲಿತು.

ಗಂಡ ಅರ್ಧ ಎದ್ದಿದ್ದ. ಬಂದವರಿಬ್ಬರು ಏನಾಯಿತೆಂದು ತಿಳಿಯದೆ ಎಲ್ಲರ ಮುಖ ನೋಡಿದರು.

"ಬಿಸಿ ಇದೆ ಅಮ್ಮ," ಎಂದಳು ಪಿಟೀಲು, ನಾಲಿಗೆ ಹೊರಚಾಚಿ.

ಹುಷಾರಮ್ಮ ಲೋಟ ಇಸಿದುಕೊಂಡಳು. ಇನ್ನೊಂದು ಲೋಟ ತೆಗೆದುಕೊಂಡು ನೀರನ್ನು ಆ ಲೋಟದಿಂದ ಈ ಲೋಟಕ್ಕೆ, ಈ ಲೋಟದಿಂದ ಆ ಲೋಟಕ್ಕೆ ಎತ್ತಿ ಸುರಿದಳು. ಸ್ವಲ್ಪ ನೆಲಕ್ಕೆ ಚೆಲ್ಲಿತು. ಅಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡಿ, ಮಗಳ ಮುಂದೆ ಮಂಡಿಯೂರಿ ಕೂತು, ಲೋಟವನ್ನು ಅವಳ ತುಟಿಗೆ ಹಿಡಿದಳು.

"ಈಗ ಕುಡಿ ಕಂದಾ. ನಿಧಾನಕ್ಕೆ."

ಒಂದು ಗುಟುಕು ಇಳಿಯಿತು. ಇನ್ನೊಂದು. ಲೋಟದ ತಳ ಕಾಣುವವರೆಗೂ ಅವಳು ಆ ಪುಟ್ಟ ಗಂಟಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಸಂಜೆಗೆ ಇನ್ನೊಂದು ಲೋಟವಿತ್ತು. ನಾಳೆ ಬೆಳಿಗ್ಗೆ ಮತ್ತೊಂದು.